ಬಾಡಿಗೆಯ ಕೋಣೆ, ಬಳಗದ ಮನೆ

ನಮ್ಮ ದೇವರಕೋಣೆಯ ಗೂಡಿನಲ್ಲಿ, ಹಳೆಯ ಪಂಚಾಂಗಗಳ ಕೆಳಗೆ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯೊಂದಿದೆ. ಅದು ನಮ್ಮ ತಂದೆಯವರ ವಾರಿಯ ಲೆಕ್ಕದ ವಹಿ. ಕಾರ್ತಿಕ ಶುದ್ಧ ಏಕಾದಶಿಗೆ ಪಂಢರಪುರಕ್ಕೆ ಹೋಗಿಬಂದ ಒಂದೊಂದು ವರ್ಷಕ್ಕೂ ಅದರಲ್ಲಿ ಒಂದೊಂದು ಪುಟ. ತುಳಸಿಮಾಲೆಗೆ ಇಷ್ಟು, ಬುಕ್ಕಾ ಕುಂಕುಮಕ್ಕೆ ಇಷ್ಟು, ಚುರುಮುರಿ ಬತ್ತಾಸಿಗೆ ಇಷ್ಟು ಎಂದು ಬರೆಯುತ್ತ ಬಂದು, ಕೊನೆಯ ಸಾಲಿನಲ್ಲಿ 'ಖೋಲಿ ಬಾಡಿಗೆ' ಎಂದು ಬರೆದು ಗೆರೆ ಎಳೆಯುವುದು ಅವರ ಪದ್ಧತಿ. ಎಲ್ಲ ಪುಟಗಳಲ್ಲಿಯೂ ಆ ಸಾಲಿನ ಎದುರಿಗೆ ಅಂಕಿ ಉಂಟು. 1972ನೆಯ ಇಸವಿಯ ಪುಟದಲ್ಲಿ ಮಾತ್ರ ಅಂಕಿಯಿಲ್ಲ. ಅಲ್ಲಿ 'ಬಾಕಿ' ಎಂಬ ಒಂದೇ ಮಾತಿದೆ.

ಆ ಬಾಕಿಯ ಕಥೆಯನ್ನು ಹೇಳಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು. ಈಗ ಕೊಡಗಿನಲ್ಲಿ, ವಯನಾಡಿನಲ್ಲಿ, ನೀಲಗಿರಿಯಲ್ಲಿ ದಾರಿಯುದ್ದಕ್ಕೂ 'ಹೋಮ್‌ಸ್ಟೇ' ಎಂಬ ಫಲಕಗಳು ಕಾಣುತ್ತವೆ. ಹಣ ಕೊಟ್ಟು ಒಬ್ಬರ ಮನೆಯಲ್ಲಿ ಇಳಿದುಕೊಳ್ಳುವುದು, ಅವರೊಡನೆ ಉಣ್ಣುವುದು, ಹೊರಡುವಾಗ ಮತ್ತೆ ಬರುತ್ತೇವೆಂದು ಹೇಳುವುದು, ಇವು ಹೊಸ ಕಾಲದ ಹೊಸ ರೂಢಿಗಳೆಂದು ಅನೇಕರು ತಿಳಿದಿದ್ದಾರೆ. ಮಾತು ಹೊಸದು, ಸಂಗತಿ ಹಳೆಯದು. ಪುಣ್ಯಕ್ಷೇತ್ರಗಳ ಓಣಿಗಳಲ್ಲಿ ಅದು ತಲೆತಲಾಂತರಗಳಿಂದ ನಡೆದುಬಂದಿದೆ. ಆದರೆ ಹಣ ಕೊಟ್ಟು ಪಡೆದ ಆಶ್ರಯದಲ್ಲಿ ನಿಜವಾದ ಸ್ನೇಹ ಬೆಳೆಯಬಲ್ಲುದೆ? ಬೆಳೆದರೂ ಎಷ್ಟು ಕಾಲ ನಿಂತೀತು? ಈ ಪ್ರಶ್ನೆಗಳಿಗೆ ನಮ್ಮ ಮನೆಯ ವಹಿಯಲ್ಲಿ ಒಂದು ಬಗೆಯ ಉತ್ತರವಿದೆ.

ನಮ್ಮೂರಿನಿಂದ ಪಂಢರಿಗೆ

ನಮ್ಮದು ಜತ್ ತಾಲೂಕಿನ ಮೂಡಲ ಭಾಗದ ಹಳ್ಳಿ. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ವಿಜಯಪುರ ಆಚೆಗೆ ಹೋಯಿತು, ನಾವು ಈಚೆಗೆ ಉಳಿದೆವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಪಂಢರಿನಾಥನಿಗೆ ಎರಡೂ ತಿಳಿಯುತ್ತವೆಂದು ನಮ್ಮಜ್ಜ ಹೇಳುತ್ತಿದ್ದರು. ಅದು ಬರಿಯ ಭಾವುಕತೆಯಲ್ಲ. ಜ್ಞಾನದೇವರೇ ತಮ್ಮ ಅಭಂಗದಲ್ಲಿ ವಿಠ್ಠಲನನ್ನು ಕಾನಡಾ ಎಂದೂ ಕರ್ನಾಟಕು ಎಂದೂ ಕರೆದಿದ್ದಾರೆ. ನಮ್ಮ ಪುರಂದರದಾಸರು ಆ ದೇವರ ಹೆಸರನ್ನೇ ತಮ್ಮ ಅಂಕಿತದಲ್ಲಿ ಇಟ್ಟುಕೊಂಡರು. ನಮ್ಮ ದಾರಿಯಲ್ಲಿಯೇ ಇರುವ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯ ಪರಂಪರೆ ಗಡಿಯ ಎರಡೂ ಕಡೆಗೆ ಹಬ್ಬಿದೆ. ಅವರಲ್ಲಿ ಅನುಗ್ರಹ ಪಡೆದ ಗುರುದೇವ ರಾನಡೆಯವರು ಮರಾಠಿ ಸಂತರನ್ನು ಕುರಿತೂ ಕನ್ನಡ ಸಂತರನ್ನು ಕುರಿತೂ ಗ್ರಂಥಗಳನ್ನು ಬರೆದರು.

ವಾರಿಯೆಂದರೆ ತಪ್ಪದೆ ಮತ್ತೆ ಮತ್ತೆ ಬರುವುದು. ವರ್ಷಕ್ಕೆ ನಾಲ್ಕು ದೊಡ್ಡ ಯಾತ್ರೆಗಳು: ಚೈತ್ರ, ಆಷಾಢ, ಕಾರ್ತಿಕ ಮತ್ತು ಮಾಘ. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿಯೂ ದೇಹುವಿನಿಂದ ತುಕಾರಾಮರ ಪಾಲಕಿಯೂ ಬರುವ ಆಷಾಢದ ವಾರಿಯೇ ಎಲ್ಲಕ್ಕಿಂತ ಹಿರಿದು. ಆದರೆ ನಮ್ಮ ಮನೆತನದ್ದು ಕಾರ್ತಿಕದ ವಾರಿ. ಅದಕ್ಕೆ ಕಾರಣ ಸರಳವಾದುದು. ನಮ್ಮದು ಹಿಂಗಾರಿ ಜೋಳದ ಎರೆಭೂಮಿ. ದೀಪಾವಳಿಯ ಹೊತ್ತಿಗೆ ಬಿತ್ತನೆ ಮುಗಿದು, ಒಕ್ಕಲಿಗನಿಗೆ ಎಂಟು ದಿನಗಳ ಬಿಡುವು ಸಿಕ್ಕುತ್ತದೆ. ಜೊತೆಗೆ ಕಾರ್ತಿಕಿ ಯಾತ್ರೆಯಲ್ಲಿ ದನಗಳ ದೊಡ್ಡ ಸಂತೆಯೂ ಕೂಡುತ್ತದೆ. ಏಕಾದಶಿಯ ಪುಣ್ಯದ ಜೊತೆಗೆ ಒಂದು ಜೋಡಿ ಖಿಲಾರಿ ಹೋರಿಗಳನ್ನೂ ನೋಡಿಬರಬಹುದೆಂಬ ಆಸೆ ಯಾವ ರೈತನಿಗೆ ಇಲ್ಲ?

ಅಜ್ಜನ ಕಾಲದಲ್ಲಿ ಉಮದಿ, ಮಂಗಳವೇಢೆಗಳ ಮೇಲೆ ಹಾಯ್ದು ನಡೆದೇ ಹೋಗುತ್ತಿದ್ದರು. ವಿಜಯಪುರದ ಕಡೆಯ ದಿಂಡಿಗಳು ಅದೇ ದಾರಿಯಲ್ಲಿ ಬಂದು ನಮ್ಮೂರಿನಲ್ಲಿ ಒಂದು ರಾತ್ರಿ ತಂಗುತ್ತಿದ್ದವು. ಅವರಿಗೆ ಊಟ ಹಾಕುವ ಪಾಳಿ ಮನೆಮನೆಗೂ ಬರುತ್ತಿತ್ತು, ಈಗಲೂ ಬರುತ್ತದೆ. ಹಾಗೆ ನಾವು ಒಂದು ರಾತ್ರಿಗೆ ಯಜಮಾನರು, ಮುಂದೆ ನಾಲ್ಕು ರಾತ್ರಿಗೆ ಅತಿಥಿಗಳು.

ಓಣಿಯ ಮನೆ

ಪಂಢರಪುರದಲ್ಲಿ ಗುಡಿಯಿಂದ ಚಂದ್ರಭಾಗೆಯ ಘಟ್ಟಕ್ಕೆ ಇಳಿಯುವ ಓಣಿಯೊಂದರಲ್ಲಿ ಒಂದು ಹಳೆಯ ಮಣ್ಣಿನ ಮಾಳಿಗೆಯ ವಾಡೆ ಇತ್ತು. ಕೆಳಗೆ ಮನೆಯವರು, ಮೇಲೆ ಯಾತ್ರಿಕರಿಗೆಂದು ಮೂರು ಕೋಣೆಗಳು. ಅಂಥ ಮನೆಗಳು ಆ ಊರಿನಲ್ಲಿ ಬಹಳ. ಯಾತ್ರೆಯ ದಿನಗಳಲ್ಲಿ ಬಂದ ಬಾಡಿಗೆಯಿಂದಲೇ ವರ್ಷದ ಹೆಚ್ಚಿನ ಖರ್ಚನ್ನು ತೂಗಿಸಬೇಕಾದ ಸಂಸಾರಗಳು ಅವು. ನಮ್ಮಜ್ಜ ಒಂದು ಸಲ ಜ್ವರದಿಂದ ನಡುಗುತ್ತ ಆ ಮನೆಯ ಕಟ್ಟೆಯ ಮೇಲೆ ಕುಳಿತರಂತೆ. ಒಳಗಿನಿಂದ ಮುದುಕಿಯೊಬ್ಬಳು ಬಂದು ಶುಂಠಿಯ ಕಷಾಯ ಕೊಟ್ಟು, ಮೇಲಿನ ಕೋಣೆಯಲ್ಲಿ ಮಲಗಿಸಿದಳಂತೆ. ಮರುವರ್ಷ ಅಜ್ಜ ಬೇರೆ ಮನೆ ಹುಡುಕಲಿಲ್ಲ. ಹೀಗೆ ಆರಂಭವಾದ ಸಂಬಂಧವದು.

ನಾನು ಬಲ್ಲಂತೆ ಆ ಮನೆಯ ಯಜಮಾನಿ ಆ ಮುದುಕಿಯ ಸೊಸೆ. ನಮ್ಮ ತಂದೆಗೆ ಆಕೆ ವಹಿನಿ, ನಮಗೆ ಮಕ್ಕಳಿಗೆಲ್ಲ ಕಾಕೂ. ಆಕೆಯ ಪತಿ ಎಲ್ಲರಿಗೂ ತಾತ್ಯಾ. ದಶಮಿಯ ಸಂಜೆ ನಾವು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ, "ಆಲಾತ ಕಾ? ಯಾ, ಆಧೀ ಪಾಯ ಧುವಾ" ಎಂಬ ಕೂಗು ಕೇಳಿಬರುತ್ತಿತ್ತು. ಬಂದಿರೇನು, ಬನ್ನಿ, ಮೊದಲು ಕಾಲು ತೊಳೆಯಿರಿ ಎಂಬ ಆ ಮಾತಿಗೆ ನಮ್ಮವ್ವ ಕನ್ನಡದಲ್ಲಿಯೇ ಉತ್ತರ ಕೊಡುತ್ತಿದ್ದಳು. ಅವ್ವನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಆದರೂ ಇಬ್ಬರೂ ಅಡಿಗೆಮನೆಯಲ್ಲಿ ಕುಳಿತು ತಾಸುಗಟ್ಟಲೆ ಮಾತಾಡುತ್ತಿದ್ದರು. ಬರಬರುತ್ತ ಕಾಕೂ ನಮ್ಮ ಕಡೆಯ ಕನ್ನಡವನ್ನು ತನ್ನದೇ ರೀತಿಯಲ್ಲಿ ಕಲಿತಳು. ಅವ್ವ ಕೊನೆಯವರೆಗೂ ಮರಾಠಿ ಕಲಿಯಲಿಲ್ಲ. ಅದರಿಂದ ಏನೂ ಕೆಡಲಿಲ್ಲ.

ನಾವು ಹೋಗುವಾಗ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಹೊಲದ ಕಾಳು, ಒಂದು ಚೀಲ ಜೋಳ ಒಯ್ಯುತ್ತಿದ್ದೆವು. ಬರುವಾಗ ಕಾಕೂ ದ್ವಾದಶಿಯ ಪಾರಣೆಯ ಅಡಿಗೆಯಲ್ಲಿ ಒಂದು ಪಾಲನ್ನು ದಾರಿಗೆಂದು ಕಟ್ಟಿಕೊಡುತ್ತಿದ್ದಳು. ಇವು ಯಾವುವೂ ವಹಿಯಲ್ಲಿ ಬರೆಯಲ್ಪಡಲಿಲ್ಲ. ಬಾಡಿಗೆ ಮಾತ್ರ ಬರೆಯಲ್ಪಟ್ಟಿತು.

ಬರಗಾಲದ ಕಾರ್ತಿಕ

1972ರ ಬರಗಾಲವನ್ನು ನಮ್ಮ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ನನಗಾಗ ಹನ್ನೆರಡು ವರ್ಷ. ಮುಂಗಾರಿಯೂ ಹೋಯಿತು, ಹಿಂಗಾರಿಯೂ ಹೋಯಿತು. ಬಿತ್ತಲು ಇಟ್ಟ ಬೀಜವನ್ನು ಬೀಸಿ ಉಂಡೆವು. ಊರಿನ ಗಂಡಸರು ಹೆಂಗಸರೆಲ್ಲ ಸರಕಾರದ ಕಾಮಗಾರಿಗಳಲ್ಲಿ ಖಡಿ ಒಡೆದರು. ಪರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿಯನ್ನೂ, ಹಂಚಿದ ಸುಖಡಿಯನ್ನೂ ತಿಂದು ದಿನ ಕಳೆದೆವು. ಆ ಕಾಮಗಾರಿಗಳ ಅನುಭವದಿಂದಲೇ ಮಹಾರಾಷ್ಟ್ರದಲ್ಲಿ 1977ರ ಉದ್ಯೋಗ ಖಾತರಿ ಕಾಯಿದೆ ರೂಪುಗೊಂಡಿತು.

ಆ ವರ್ಷ ವಾರಿ ತಪ್ಪುವುದೆಂದು ತಂದೆಯವರು ನಿಶ್ಚಯಿಸಿ ಪಂಢರಪುರಕ್ಕೆ ಒಂದು ಕಾರ್ಡು ಬರೆದರು. ಎಂಟು ದಿನಗಳಲ್ಲಿ ತಾತ್ಯಾ ಅವರ ಉತ್ತರ ಬಂದಿತು. ಅದರ ಸಾರಾಂಶ ಇಷ್ಟೆ: ನೀವು ಬರದಿದ್ದರೂ ಆ ಕೋಣೆಯನ್ನು ಬೇರೆಯವರಿಗೆ ಕೊಡುವುದಿಲ್ಲ. ಬೀಗ ಹಾಕಿಟ್ಟರೆ ನಮಗೆ ಬರುವುದೇನು? ಬನ್ನಿ.

ತಂದೆಯವರು ನನ್ನನ್ನು ಕರೆದುಕೊಂಡು ನಡೆದು ಹೊರಟರು. ಮಂಗಳವೇಢೆಯಲ್ಲಿ ರಾತ್ರಿ ತಂಗಿದಾಗ ದಾಮಾಜಿಪಂತರ ಕಥೆ ಹೇಳಿದರು. ಬರಗಾಲದಲ್ಲಿ ಹಸಿದವರಿಗಾಗಿ ದಾಮಾಜಿ ಸರಕಾರದ ಕಣಜವನ್ನೇ ತೆರೆದರಂತೆ. ಬೀದರದ ಬಾದಶಹನ ಸಿಟ್ಟಿಗೆ ಗುರಿಯಾದಾಗ, ವಿಠ್ಠಲನು ವಿಠು ಎಂಬ ಸೇವಕನ ವೇಷದಲ್ಲಿ ಹೋಗಿ ಧಾನ್ಯದ ಬೆಲೆಯನ್ನು ತುಂಬಿ, ಪಾವತಿಯನ್ನು ಪಡೆದು ಬಂದನಂತೆ. "ನೋಡಪಾ, ದೇವರು ಸೈತ ಪಾವತಿ ತಗೊಂಡs ಬಂದ. ಕೊಡೂದನ್ನ ಮರೀಬಾರದು" ಎಂದು ತಂದೆಯವರು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

ಆ ನಾಲ್ಕು ದಿನ ಕಾಕೂ ತನ್ನ ಮಕ್ಕಳಿಗೆ ಬಡಿಸಿದ್ದನ್ನೇ ನಮಗೂ ಬಡಿಸಿದಳು. ಅವರ ಮನೆಯಲ್ಲಿಯೂ ಹೆಚ್ಚೇನೂ ಇರಲಿಲ್ಲ. ಬರಗಾಲದಿಂದ ಯಾತ್ರಿಕರೂ ಕಡಿಮೆ, ಬಾಡಿಗೆಯೂ ಕಡಿಮೆ. ಹೊರಡುವ ದಿನ ತಂದೆಯವರು ಮಾತಾಡದೆ ಕೈಮುಗಿದರು. ಊರಿಗೆ ಬಂದು ವಹಿಯಲ್ಲಿ 'ಬಾಕಿ' ಎಂದು ಬರೆದರು. ಎರಡು ವರ್ಷಗಳ ಮೇಲೆ ಬೆಳೆ ಬಂದಾಗ ಆ ಹಣವನ್ನು ಬೇರೆಯಾಗಿ ಕಟ್ಟಿಕೊಂಡು ಹೋದರು. ತಾತ್ಯಾ ಮುಟ್ಟಲಿಲ್ಲ. ಆ ವರ್ಷ ನಾವು ಕೋಣೆಯನ್ನು ಬಾಡಿಗೆಗೆ ಕೊಟ್ಟೇ ಇರಲಿಲ್ಲ, ಮನೆಯವರು ಬಂದಿದ್ದರು, ಮನೆಯವರಿಗೆ ಎಲ್ಲಿಯ ಬಾಡಿಗೆ ಎಂದರು. ಹೀಗಾಗಿ ಆ ಬಾಕಿ ಬಾಕಿಯಾಗಿಯೇ ಉಳಿಯಿತು.

ಹಣದ ಮಾತು

ಇಷ್ಟಕ್ಕೇ ಮುಗಿದಿದ್ದರೆ ಇದು ಕೇವಲ ಔದಾರ್ಯದ ಕಥೆಯಾಗುತ್ತಿತ್ತು. ಆದರೆ ಸ್ನೇಹದ ನಿಜವಾದ ಪರೀಕ್ಷೆ ನಡೆದುದು ಬರಗಾಲದಲ್ಲಲ್ಲ, ಒಳ್ಳೆಯ ಕಾಲದಲ್ಲಿ.

1989ರ ಕಾರ್ತಿಕ. ತಾತ್ಯಾ ತೀರಿಕೊಂಡು ಮೂರು ವರ್ಷಗಳಾಗಿದ್ದವು. ವ್ಯವಹಾರವೆಲ್ಲ ಮಗನ ಕೈಗೆ ಬಂದಿತ್ತು. ಹೊರಡುವ ದಿನ ತಂದೆಯವರು ಎಂದಿನ ಹಣವನ್ನು ಕೊಟ್ಟಾಗ ಆ ಹುಡುಗ, ಓಣಿಯಲ್ಲಿ ಈಗ ಎಲ್ಲರೂ ಇದರ ಎರಡು ಪಟ್ಟು ತೆಗೆದುಕೊಳ್ಳುತ್ತಾರೆಂದು ಹೇಳಿದನು. ಹೇಳಿದ ರೀತಿ ಒರಟಾಗಿರಲಿಲ್ಲ, ಆದರೂ ತಂದೆಯವರ ಮುಖ ಕಪ್ಪಿಟ್ಟಿತು. ಕೇಳಿದಷ್ಟನ್ನು ಎಣಿಸಿ ಕೊಟ್ಟು, ಕಾಕೂಗೆ ಹೇಳದೆ ಹೊರಟುಬಂದರು. ಮರುವರ್ಷ ಧರ್ಮಶಾಲೆಯಲ್ಲಿ ಇಳಿದರು. ಅವ್ವ ನಾಲ್ಕು ದಿನವೂ ಸರಿಯಾಗಿ ಉಣ್ಣಲಿಲ್ಲ.

ದ್ವಾದಶಿಯ ದಿನ ಕಾಕೂ ಧರ್ಮಶಾಲೆಗಳನ್ನೆಲ್ಲ ತಿರುಗಿ ನಮ್ಮನ್ನು ಹುಡುಕಿದಳು. ಕೈಯಲ್ಲಿ ಪಾರಣೆಯ ಡಬ್ಬಿ. ತನ್ನ ಹರಕು ಕನ್ನಡದಲ್ಲಿ ತಂದೆಯವರಿಗೆ, "ಅಣ್ಣಾ, ಬಾಡಿಗಿ ಜಾಸ್ತಿ ಆತು ಅಂದ್ರ ನನ್ನ ಕೂಡ ಜಗಳಾ ಮಾಡಬೇಕಿತ್ತು. ಸುಮ್ನ ರೊಕ್ಕಾ ಕೊಟ್ಟು ಹೋಗಾವ್ರು ಯಾತ್ರಿಕರು. ಜಗಳಾ ಮಾಡಾವ್ರು ಮನ್ಯಾವ್ರು" ಎಂದಳು. ಆ ಮೇಲೆ ಮನೆಯ ಸ್ಥಿತಿಯನ್ನು ಬಿಚ್ಚಿ ಹೇಳಿದಳು. ಮಾಳಿಗೆ ಸೋರುತ್ತಿತ್ತು. ಮಗನಿಗೆ ಬೇರೆ ಉದ್ಯೋಗವಿರಲಿಲ್ಲ. ಹತ್ತು ವರ್ಷಗಳಿಂದ ನಾವು ಕೊಡುತ್ತಿದ್ದ ಬಾಡಿಗೆ ಒಂದು ಪೈಯೂ ಏರಿರಲಿಲ್ಲ. ಅದನ್ನು ತಾತ್ಯಾ ಬಾಯಿಬಿಟ್ಟು ಹೇಳಲಾರದೆ ಹೋದರು, ನಾವಾಗಿ ಕೇಳಲಿಲ್ಲ.

ತಂದೆಯವರು ಬಹಳ ಹೊತ್ತು ತಲೆ ಬಗ್ಗಿಸಿ ಕುಳಿತಿದ್ದರು. ತಪ್ಪು ಹುಡುಗನದಲ್ಲ, ತಮ್ಮದೆಂದು ಅವರಿಗೆ ಅಂದು ತಿಳಿಯಿತು. ಪ್ರೀತಿಯನ್ನು ಅವರು ತಮಗರಿವಿಲ್ಲದೆ ಬಾಡಿಗೆಯ ರಿಯಾಯತಿಯನ್ನಾಗಿ ಮಾಡಿಕೊಂಡಿದ್ದರು. ಅಂದು ಸಂಜೆಯೇ ಹಾಸಿಗೆ ಸುತ್ತಿಕೊಂಡು ಓಣಿಯ ಮನೆಗೆ ಹೋದೆವು. ಅಲ್ಲಿ ಒಂದು ಒಪ್ಪಂದವಾಯಿತು. ದಶಮಿಯ ಸಂಜೆ ಕಾಲು ತೊಳೆದೊಡನೆ ಆ ವರ್ಷದ ಬಾಡಿಗೆಯನ್ನು ಮಗನೊಡನೆ ಬಾಯಿಬಿಟ್ಟು ಮಾತಾಡಿ ಮುಗಿಸಬೇಕು, ಓಣಿಯ ದರವೇ ನಮ್ಮ ದರ. ಆ ಮೇಲೆ ನಾಲ್ಕು ದಿನ ಹಣದ ಮಾತು ಎತ್ತಕೂಡದು. ಬುತ್ತಿ, ಜೋಳ, ಪಾರಣೆ ಇವು ಲೆಕ್ಕಕ್ಕಿಲ್ಲ. ಆ ಪದ್ಧತಿ ಇಂದಿಗೂ ನಡೆದಿದೆ.

ಇದನ್ನು ನೆನೆದಾಗಲೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತದೆ. ನಮ್ಮೂರಿನಲ್ಲಿ ತಂಗುವ ದಿಂಡಿಗಳಿಗೆ ನಾವು ಉಚಿತವಾಗಿ ಉಣಬಡಿಸುತ್ತೇವೆ. ಅದು ದೊಡ್ಡ ಪುಣ್ಯವೇ ಸರಿ. ಆದರೆ ಅಲ್ಲಿ ಕೊಡುವವನದು ಮೇಲುಗೈ, ಪಡೆಯುವವನದು ಕೆಳಗೈ. ಮರುದಿನ ಬೆಳಿಗ್ಗೆ ಅವರು ಹೋಗುತ್ತಾರೆ. ಮರುವರ್ಷ ಬಂದವರು ಅವರೇ ಹೌದೋ ಅಲ್ಲವೋ, ಅನೇಕ ಸಲ ನಮಗೆ ಗುರುತೂ ಸಿಕ್ಕುವುದಿಲ್ಲ. ಬಾಡಿಗೆಯ ಕೋಣೆಯಲ್ಲಿ ಹಾಗಲ್ಲ. ಕೊಟ್ಟವನಿಗೂ ಪಡೆದವನಿಗೂ ಅಲ್ಲಿ ಸಮಾನ ಗೌರವವಿದೆ. ಹಣವು ಇಬ್ಬರನ್ನೂ ಉಪಕಾರದ ಭಾರದಿಂದ ಬಿಡಿಸಿ, ಎದುರುಬದುರು ಕೂಡಿಸುತ್ತದೆ. ಸ್ನೇಹವನ್ನು ಕೆಡಿಸುವುದು ಹಣವಲ್ಲ, ಹಣದ ವಿಷಯದಲ್ಲಿ ಆಡದೆ ಉಳಿದ ಮಾತು.

ಬಾಗಿಲು ಮುಚ್ಚಿದ ಪಂಢರಿ

2020ರಲ್ಲಿ ಕೊರೋನಾ ಬಂದಿತು. ಆ ವರ್ಷದ ಆಷಾಢದಲ್ಲಿ ಸಂತರ ಪಾದುಕೆಗಳು ಲಕ್ಷಾಂತರ ವಾರಕರಿಗಳಿಲ್ಲದೆ ಎಸ್.ಟಿ. ಬಸ್ಸುಗಳಲ್ಲಿ ಪಂಢರಪುರ ಸೇರಿದವು. ಜುಲೈ 1ರ ಏಕಾದಶಿಯಂದು ಊರಿನಲ್ಲಿ ಸಂಚಾರ ನಿರ್ಬಂಧ. ನವೆಂಬರ 26ರ ಕಾರ್ತಿಕ ಏಕಾದಶಿಗೂ ಹೊರಗಿನವರು ಬರಕೂಡದೆಂದು ಅಪ್ಪಣೆಯಾಯಿತು. ತಂದೆತಾಯಿ ಇಬ್ಬರೂ ಆಗ ಇರಲಿಲ್ಲ. ಬರಗಾಲದಲ್ಲಿಯೂ ತಪ್ಪದ ನಮ್ಮ ಮನೆಯ ವಾರಿ ನನ್ನ ಕಾಲದಲ್ಲಿ ತಪ್ಪಿತೆಂದು ನನಗೆ ಬಹಳ ವ್ಯಥೆಯಾಯಿತು.

ನಮಗೆ ತಪ್ಪಿದುದು ದರ್ಶನ ಮಾತ್ರ. ಓಣಿಯ ಮನೆಗಳಿಗೆ ತಪ್ಪಿದುದು ಅನ್ನ. ಚೈತ್ರ, ಆಷಾಢ, ಕಾರ್ತಿಕ, ಮೂರೂ ಯಾತ್ರೆಗಳು ನಿಂತುಹೋದ ಮೇಲೆ ಕೋಣೆಗಳನ್ನು ನಂಬಿದವರು ಹೇಗೆ ಬದುಕಬೇಕು? ನಾನು ಮಗನಿಂದ ಮೊಬೈಲಿನ ಮೂಲಕ ಆ ವರ್ಷದ ಬಾಡಿಗೆಯನ್ನು ಕಳುಹಿಸಿಸಿದೆ. ಹತ್ತು ನಿಮಿಷಗಳಲ್ಲಿ ಅದು ಹಿಂದಿರುಗಿ ಬಂದಿತು. ಬೆನ್ನಿಗೇ ಕಾಕೂ ಫೋನಿನಲ್ಲಿ ಮಾತಾಡಿದಳು. ಎಂಬತ್ತರ ಸಮೀಪದ ದನಿ, ಆದರೂ ಗಟ್ಟಿ.

"ಬರದವರ ಬಾಡಿಗಿ ನಾ ಹ್ಯಾಂಗ ತಗೊಳ್ಳಿ?" ಎಂದಳು.

ನಾನು ವಹಿಯನ್ನು ತೆಗೆದು 1972ರ ಪುಟವನ್ನು ಓದಿ ಹೇಳಿದೆ. ತುಳಸಿಮಾಲೆ, ಬುಕ್ಕಾ, ಚುರುಮುರಿ, ಕೊನೆಗೆ 'ಬಾಕಿ'. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆ ವಹಿ ಇರುವ ಸಂಗತಿಯೇ ಆಕೆಗೆ ಗೊತ್ತಿರಲಿಲ್ಲ. ಆಮೇಲೆ ಮೆಲ್ಲಗೆ, "ಅಣ್ಣಾ ಬರದಿಟ್ಟಾರೇನು?" ಎಂದು ಕೇಳಿದಳು. ಹೌದೆಂದೆ. "ಹಂಗಾದ್ರ ಕಳಸು. ಆದರ ಆ ಬಾಕೀ ಮ್ಯಾಲ ಗೆರಿ ಹೊಡೀಬ್ಯಾಡ. ಅಣ್ಣಾನ ಅಕ್ಷರ ಅದು, ಇರಲಿ" ಎಂದಳು. ಹಣವನ್ನು ತೆಗೆದುಕೊಂಡಳು. ತಿಂಗಳೊಪ್ಪತ್ತಿನಲ್ಲಿ, ಪಂಢರಪುರಕ್ಕೆ ಹೊರಟಿದ್ದ ಪರಿಚಯದ ಗಾಡಿಯಲ್ಲಿ ಎರಡು ಚೀಲ ಜೋಳವನ್ನೂ ಕಳುಹಿಸಿದೆವು. ಅದು ಎಂದಿನಂತೆ ಲೆಕ್ಕಕ್ಕಿಲ್ಲ.

2021ರ ಕಾರ್ತಿಕಕ್ಕೆ ಯಾತ್ರೆ ತೆರೆಯಿತು. ಎಸ್.ಟಿ. ನೌಕರರ ಮುಷ್ಕರದಿಂದ ಬಸ್ಸುಗಳಿರಲಿಲ್ಲ. ನೆರೆಯವರ ಜೀಪಿನಲ್ಲಿ ಹೋದೆವು. ಕಾಕೂ ಕಟ್ಟೆಯ ಮೇಲೆ ಕುಳಿತಿದ್ದಳು. ಏಳಲಾಗಲಿಲ್ಲ, ಆದರೆ ಕಾಲು ತೊಳೆಯಲು ಹೇಳುವುದನ್ನು ಮರೆಯಲಿಲ್ಲ.

ಮುಂದಿನ ತಲೆಮಾರು

ಆ ಕಟ್ಟೆ ಈಗ ಇಲ್ಲ, ಕಾಕೂ ಕೂಡ ಇಲ್ಲ. ಹಳೆಯ ವಾಡೆಯನ್ನು ಇಳಿಸಿ ಮಗ ಸಿಮೆಂಟಿನ ಮೂರು ಅಂತಸ್ತು ಕಟ್ಟಿದ್ದಾನೆ. ಕೋಣೆಗೊಂದು ಬಚ್ಚಲು, ಬಾಗಿಲಿಗೊಂದು ಅಂಕಿ. ಇದಕ್ಕಾಗಿ ಅವನನ್ನು ದೂರುವುದು ಸಲ್ಲದು. ವಯಸ್ಸಾದ ನನ್ನಂಥವನಿಗೆ ಮಧ್ಯರಾತ್ರಿಯಲ್ಲಿ ಅಂಗಳ ದಾಟಿ ಹೋಗುವ ಕಷ್ಟ ತಪ್ಪಿದೆ. ಗುಡಿಯ ಸಮಿತಿಯವರು ಕಟ್ಟಿಸಿದ ಭಕ್ತನಿವಾಸಗಳಿವೆ, ಮಠಗಳಿವೆ, ವಸತಿಗೃಹಗಳಿವೆ. ಮೊಬೈಲಿನಲ್ಲಿ ಬೆರಳಾಡಿಸಿದರೆ ಕೋಣೆ ಸಿಕ್ಕುತ್ತದೆ. ಬೆಳಿಗ್ಗೆ ಹೋಗಿ ದರ್ಶನ ಮಾಡಿ ರಾತ್ರಿಗೆ ಮನೆಗೆ ಬರುವವರೇ ಈಗ ಹೆಚ್ಚು. ಒಂದು ರಾತ್ರಿಯೂ ತಂಗದವನಿಗೆ ಓಣಿಯ ಗೆಳೆತನ ಎಲ್ಲಿಂದ ಬರಬೇಕು?

ನನ್ನ ಮಗನೂ ಕಾಕೂರ ಮೊಮ್ಮಗನೂ ಕೂಡಿ ಆಡಿದವರಲ್ಲ. ಒಬ್ಬ ಸಾಂಗಲಿಯಲ್ಲಿ, ಒಬ್ಬ ಪುಣೆಯಲ್ಲಿ. ಇಬ್ಬರ ನಡುವೆ ಈಗಿರುವುದು ಫೋನಿನ ಅಂಕಿ ಮತ್ತು ಹಬ್ಬದ ಶುಭಾಶಯ ಮಾತ್ರ. ಇದು ಇನ್ನೊಂದು ತಲೆಮಾರು ನಿಲ್ಲುವುದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕಳೆದ ಕಾರ್ತಿಕದಲ್ಲಿ ಮಗನನ್ನು ಒತ್ತಾಯದಿಂದ ಕರೆದೊಯ್ದೆ. ದಶಮಿಯ ಸಂಜೆ ಕಾಕೂರ ಮಗ ಮೇಜಿನ ಹಿಂದಿನಿಂದ ಎದ್ದು ಬಂದು, ದರದ ಪಟ್ಟಿಯನ್ನು ನನ್ನ ಕೈಗೆ ಕೊಡದೆ ನನ್ನ ಮಗನ ಕೈಗೆ ಕೊಟ್ಟನು. "ಇನ್ನು ಮ್ಯಾಲೆ ಜಗಳಾ ನಿಮ್ಮ ಕೂಡ" ಎಂದನು. ಮಗ ಪಟ್ಟಿಯನ್ನು ನೋಡಿ, ಇದು ತುಸು ಹೆಚ್ಚಾಯಿತಲ್ಲವೇ ಕಾಕಾ ಎಂದನು. ನನಗೆ ಬಹಳ ಸಮಾಧಾನವಾಯಿತು.

ಗಡಿಯ ಈಚೆಗಿರುವ ನಮ್ಮ ಮನೆಗಳಲ್ಲಿ ಇಂಥ ವಿಳಾಸಗಳು ಇನ್ನೂ ಅನೇಕ ಇರಬಹುದು. ಅಜ್ಜ ಇಳಿದುಕೊಳ್ಳುತ್ತಿದ್ದ ಮನೆ, ಅವ್ವನಿಗೆ ಕುಪ್ಪಸದ ಕಣ ಕೊಡುತ್ತಿದ್ದ ಪರಭಾಷೆಯ ಯಜಮಾನಿ, ನಮ್ಮ ಪಡಸಾಲೆಯಲ್ಲಿ ತಂಗಿ ಹೋದ ದೂರದ ಊರಿನ ಕುಟುಂಬ. ಓದುಗರು ಒಮ್ಮೆ ತಮ್ಮ ಮನೆಯ ಹಳೆಯ ವಹಿಗಳನ್ನು ತೆರೆದು ನೋಡಬೇಕು. ಯಾವುದಾದರೊಂದು ಪುಟದಲ್ಲಿ ಬಾಕಿ ಉಳಿದಿದ್ದರೆ, ಬರುವ ಯಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮನೆಯ ಬಾಗಿಲನ್ನು ತಟ್ಟಬೇಕು. ಹಣ ತೀರಿದರೂ ತೀರದಿದ್ದರೂ ಬರುಹೋಗು ತೀರಬಾರದು.